38ನೇ ವಯಸ್ಸಿನಲ್ಲಿ ಮೊಣಕೈ ಮಡಚಿದ್ದು

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಆಡುವಾಗ ನನ್ನ ಮೇಲೆ ಒಂದೇ ಆರೋಪ ಇತ್ತು: 'ಇವನು ಬೌಲಿಂಗ್ ಮಾಡಲ್ಲ, ಎಸೀತಾನೆ.' ಎಡಗೈ ಮೀಡಿಯಂ ಪೇಸ್, 14 ಹೆಜ್ಜೆ ಓಟ. ಮೊಣಕೈ ಸ್ವಲ್ಪ ಮಡಚುತ್ತಿತ್ತೋ ಏನೋ, ನಾನಂತೂ ಇವತ್ತಿಗೂ ಒಪ್ಪಿಕೊಂಡಿಲ್ಲ. ಎಷ್ಟೋ ವರ್ಷ ಆದಮೇಲೆ ಸಿಯಾಟಲ್ ಹತ್ತಿರದ ಒಂದು ಬೇಸ್‌ಬಾಲ್ ಮೈದಾನದಲ್ಲಿ ಕೋಚ್ ಒಬ್ಬರು, ಕೈಯನ್ನು ಯಾಕೆ ಹೀಗೆ ಕೋಲಿನ ಹಾಗೆ ಇಟ್ಟುಕೊಂಡಿದ್ದೀಯ, ಮಡಚು ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಅಲ್ಲಿಗೆ ನನ್ನನ್ನು ತಂದು ನಿಲ್ಲಿಸಿದ್ದು ಜೇಮೀ ಮೋಯರ್ ಎಂಬ ಬೇಸ್‌ಬಾಲ್ ಆಟಗಾರ. 2003ರಲ್ಲಿ ನಾನು ಕೆಲಸಕ್ಕೆಂದು ಸಿಯಾಟಲ್‌ಗೆ ಬಂದ ಹೊಸದರಲ್ಲಿ ಆಫೀಸಿನವರು ಆ ಊರಿನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್‌ನ ಪಂದ್ಯಕ್ಕೆ ಕರೆದುಕೊಂಡು ಹೋದರು. ಆಟ ಒಂದು ಚೂರೂ ಅರ್ಥವಾಗಲಿಲ್ಲ. ಆದರೆ ಚೆಂಡು ಎಸೆಯುತ್ತಿದ್ದವರು ಎಡಗೈಯವರು, ವಯಸ್ಸು 40. ಎದುರಿಗಿದ್ದ ದಾಂಡಿಗರು ಚೆಂಡು ಬರುವ ಮೊದಲೇ ಬ್ಯಾಟ್ ಬೀಸಿ ಮುಗಿಸುತ್ತಿದ್ದರು. ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ನಮ್ಮ ವೆಂಕಟೇಶ್ ಪ್ರಸಾದ್! ಅವರದು ಬಲಗೈ ನಿಜ, ಆದರೆ ಉಪಾಯ ಅದೇ: ಕೈ ಬೀಸುವುದು ಅದೇ ಬಿರುಸಿನಲ್ಲಿ, ಚೆಂಡು ಮಾತ್ರ ತಡವಾಗಿ ಬರುವುದು.

ಆಮೇಲೆ ಮೋಯರ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1986ರಲ್ಲಿ ಚಿಕಾಗೊ ಕಬ್ಸ್ ತಂಡದಲ್ಲಿ ಶುರು. 1991ರ ಕೊನೆಗೆ ಲೆಕ್ಕ ಹಾಕಿದರೆ 34 ಗೆಲುವು, 54 ಸೋಲು. ಬೇಸ್‌ಬಾಲ್‌ನಲ್ಲಿ ಗೆಲುವು ಸೋಲು ತಂಡದ ಜೊತೆಗೆ ಪಿಚರ್, ಅಂದರೆ ಚೆಂಡು ಎಸೆಯುವವನ, ಹೆಸರಿಗೂ ಬೀಳುತ್ತದೆ, ಪಾಪ. ಒಂದಾದ ಮೇಲೆ ಒಂದು ತಂಡ ಕೈಬಿಟ್ಟಿತು. 'ಆಡಿದ್ದು ಸಾಕು, ಕೋಚ್ ಆಗು' ಎಂದು ಕಬ್ಸ್‌ನವರೇ ಕೇಳಿದರಂತೆ. ಅವರು ಒಪ್ಪಲಿಲ್ಲ. 1992 ಪೂರ್ತಿ ಕೆಳಗಿನ ದರ್ಜೆಯ ಲೀಗ್‌ನಲ್ಲಿ ಆಡಿದರು. ಆಮೇಲೆ ನೋಡಿ: 2001ರಲ್ಲಿ 20 ಗೆಲುವು, 2003ರಲ್ಲಿ 21. 2008ರಲ್ಲಿ, 45ರ ವಯಸ್ಸಿನಲ್ಲಿ, ಫಿಲಡೆಲ್ಫಿಯ ತಂಡದ ಜೊತೆ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಫೈನಲ್ ಸರಣಿ, ಗೆದ್ದರು. ಮೊಣಕೈಗೆ ಆಪರೇಷನ್ ಆಗಿ ಒಂದು ವರ್ಷ ಮನೆಯಲ್ಲಿ ಕೂತು, 2012ರ ಏಪ್ರಿಲ್ 17ರಂದು ಕೊಲರಾಡೊ ತಂಡಕ್ಕೆ ಒಂದು ಪಂದ್ಯ ಗೆದ್ದುಕೊಟ್ಟರು. ಆಗ ವಯಸ್ಸು 49. ಅಮೆರಿಕದ ಅತಿ ಮೇಲಿನ ದರ್ಜೆಯ ಮೇಜರ್ ಲೀಗ್‌ನಲ್ಲಿ ಪಂದ್ಯ ಗೆದ್ದ ಪಿಚರ್‌ಗಳಲ್ಲಿ ಅವರಷ್ಟು ವಯಸ್ಸಾದವರು ಬೇರೆ ಇಲ್ಲ. ಅವತ್ತು ಅವರ ಒಂದು ಚೆಂಡೂ ಗಂಟೆಗೆ 80 ಮೈಲಿ ವೇಗ ಮುಟ್ಟಲಿಲ್ಲ. ಉಳಿದ ಪಿಚರ್‌ಗಳು 90ರ ಮೇಲೆ ಎಸೆಯುವ ಕಾಲ ಅದು.

ಮಾರನೆಯ ದಿನವೇ ಹವ್ಯಾಸಿಗಳ ಲೀಗ್ ಒಂದಕ್ಕೆ ಹೆಸರು ಕೊಟ್ಟೆ. 'ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ ನಿಮಗೆ?' ಎಂದು ಹೆಂಡತಿ ಕೇಳಿದಳು. ಅವರಿಗೆ 49 ಕಣೇ ಎಂದೆ.

ಮೊದಲ ಕಷ್ಟ ಓಟ ಇಲ್ಲದ್ದು. ಪಿಚರ್ ನಿಲ್ಲುವುದು 10 ಅಂಗುಲ ಎತ್ತರದ ಮಣ್ಣಿನ ದಿಬ್ಬದ ಮೇಲೆ. ದಾಂಡಿಗನ ಮುಂದಿನ ಪ್ಲೇಟ್ 60 ಅಡಿ 6 ಅಂಗುಲ ದೂರ. ಹಿಂದಿನ ಕಾಲು ರಬ್ಬರ್ ಪಟ್ಟಿಗೆ ತಾಗಿರಬೇಕು. ಮುಂದಿನ ಕಾಲು ಎತ್ತಿ, ಇಳಿಜಾರಿನಲ್ಲಿ ಉದ್ದ ಹೆಜ್ಜೆ ಇಟ್ಟು, ಸೊಂಟ ತಿರುಗಿಸಿದಾಗ ಮಾತ್ರ ಕೈ ಬರುತ್ತದೆ. ನಾನು ಬರೀ ಭುಜದಿಂದ ಎಸೆಯುತ್ತಿದ್ದೆ. ಜೊತೆಗೆ ಇನ್ನೊಂದು ಪೀಡೆ. ಕ್ರಿಕೆಟ್‌ನಲ್ಲಿ ಓಡಿ ಬಂದು ಸುಮ್ನೆ ನಿಂತರೆ ಯಾರೂ ಏನೂ ಅನ್ನಲ್ಲ. ಇಲ್ಲಿ ಬೇಸ್ (ಓಟಗಾರ ಒಂದೊಂದಾಗಿ ಮುಟ್ಟುತ್ತ ಸುತ್ತಬೇಕಾದ ನಿಲುಗಡೆ) ಮೇಲೆ ಓಟಗಾರ ಇದ್ದಾಗ ಎಸೆತ ಶುರು ಮಾಡಿ ನಿಲ್ಲಿಸಿದರೆ ಅದು 'ಬಾಕ್'. ಓಟಗಾರನಿಗೆ ಪುಕ್ಕಟೆಯಾಗಿ ಮುಂದಿನ ಬೇಸ್. ಮೊದಲ ತಿಂಗಳು ನಾನು ದಾನ ಮಾಡಿದ ಬೇಸ್‌ಗಳಿಗೆ ಲೆಕ್ಕವಿಲ್ಲ.

ಮೊದಲ ಪಂದ್ಯದಲ್ಲೇ ಇನ್ನೊಂದು ಪೇಚು. ಚೆಂಡು ಕೈಗೆ ಬಂತು, ಅಭ್ಯಾಸಬಲದಿಂದ ಪ್ಯಾಂಟಿಗೆ ಗಸಗಸ ತಿಕ್ಕಿದೆ. ಎದುರು ತಂಡದವರು ಹೋ ಎಂದು ಕೂಗಿಕೊಂಡು ಎದ್ದರು. ಪಿಚರ್ ಚೆಂಡನ್ನು ಬಟ್ಟೆಗೆ ತಿಕ್ಕುವ ಹಾಗಿಲ್ಲವಂತೆ! ಅಂಪೈರ್ ಚೆಂಡು ಕಸಿದುಕೊಂಡು ಬೇರೆ ಕೊಟ್ಟರು, ಈ ಸಲ ಬಿಟ್ಟಿದ್ದೀನಿ ಎಂದರು. ಒಂದೇ ಚೆಂಡಿನ ಹೊಳಪನ್ನು ದಿನವಿಡೀ ಕಾಪಾಡುವ ಆಟದಿಂದ ಬಂದವನು ನಾನು. ಇಲ್ಲಿ ಮೇಜರ್ ಲೀಗ್‌ನಲ್ಲಿ ಹೊಸ ಚೆಂಡಿನ ಹೊಳಪು ಹೋಗಲಿ ಎಂದು ಪಂದ್ಯಕ್ಕೆ ಮುಂಚೆ ಅದಕ್ಕೆ ನದಿಯ ಕೆಸರು ಸವರುತ್ತಾರೆ. ಆ ಚೆಂಡಿನ ಮೇಲೆ 108 ಜೋಡಿ ಹೊಲಿಗೆ. ಫೋನಿನಲ್ಲಿ ಹೇಳಿದಾಗ ಅಮ್ಮ, 'ಅಷ್ಟೋತ್ತರ ಆಯ್ತಲ್ಲೋ' ಎಂದರು.

ಇನ್ನು ಚೇಂಜ್‌ಅಪ್. ಮೋಯರ್ ಹೊಟ್ಟೆಪಾಡು ನಡೆದದ್ದೇ ಈ ನಿಧಾನದ ಚೆಂಡಿನಿಂದ. ಬಿರುಸಿನ ಚೆಂಡಿಗೆ ತೋರುಬೆರಳು, ನಡುಬೆರಳು ಎರಡನ್ನೂ ಹೊಲಿಗೆಗೆ ಅಡ್ಡಲಾಗಿ ಇಟ್ಟು ತುದಿಯಲ್ಲಿ ಹಿಡಿಯುತ್ತೇವೆ. ಚೇಂಜ್‌ಅಪ್‌ಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಚೆಂಡಿನ ಪಕ್ಕದಲ್ಲಿ ಒಂದು ಉಂಗುರ ಮಾಡಬೇಕು. ಚೆಂಡು ಅಂಗೈಯೊಳಗೆ ಕೂರಬೇಕು. ಎಸೆಯುವುದು ಉಳಿದ ಮೂರು ಬೆರಳಿನಿಂದ. ಆಗ ಕೈ ಎಷ್ಟೇ ಬಿರುಸಾಗಿ ಬಂದರೂ ಚೆಂಡು ಬಿರುಸಾಗಲ್ಲ. ಹಿಡಿತ ಕಲಿಯಲು ಒಂದು ವಾರ ಸಾಕು. ಕೈಯ ವೇಗ ಕಡಿಮೆ ಮಾಡದಿರಲು ನನಗೆ ಎರಡು ವರ್ಷ ಬೇಕಾಯಿತು. ನಿಧಾನ ಹಾಕಬೇಕು ಅಂದುಕೊಂಡ ತಕ್ಷಣ ಮೈಯೆಲ್ಲ ನಿಧಾನವಾಗಿಬಿಡುತ್ತದೆ.

ಹಾಸನದ ಗೆಳೆಯನೊಬ್ಬ ಕ್ಯಾಚರ್ (ದಾಂಡಿಗನ ಹಿಂದೆ ಕೂತು ಚೆಂಡು ಹಿಡಿಯುವವನು) ಗ್ಲೌಸ್ ಹಾಕಿಕೊಂಡು ನಮ್ಮ ಮನೆ ಹಿತ್ತಲಲ್ಲಿ ಕೂರುತ್ತಿದ್ದ. ಚೆಂಡು ಕೈ ಬಿಡುವ ಮೊದಲೇ ಅವನು 'ಜೋರು' ಅಥವಾ 'ನಿಧಾನ' ಎಂದು ಕೂಗಬೇಕು. ಮೊದಲ ದಿನ 20ರಲ್ಲಿ 17 ಸರಿ ಹೇಳಿದ. ನನ್ನ ಕೈ ನೋಡಿ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ. 'ಲೋ, ನಿಧಾನದ್ದು ಹಾಕುವಾಗ ನೀನು ನಾಲಿಗೆ ಕಚ್ಕೊಳ್ತೀಯ' ಎಂದ. ಆ ನಾಲಿಗೆಯನ್ನು ಒಳಗೆ ಇಡಲು ಬಾಯಲ್ಲಿ ಚ್ಯೂಯಿಂಗ್ ಗಮ್ ಹಾಕಿಕೊಂಡು ಎಸೆಯಲು ಶುರು ಮಾಡಿದೆ. ಕೊನೆಕೊನೆಗೆ ಅವನ ಊಹೆ 20ರಲ್ಲಿ 11ಕ್ಕೆ ಇಳಿಯಿತು. ನನ್ನ ಬಿರುಸಿನ ಚೆಂಡು 68 ಮೈಲಿ, ನಿಧಾನದ್ದು 58. ಆ 10 ಮೈಲಿ ಅಂತರದ ಮೇಲೆ ನಾನು ಆರು ವರ್ಷ ಆಡಿದೆ.

ನಾಲ್ಕನೇ ವರ್ಷ ದುರಾಸೆ ಮಾಡಿದೆ. ತಂಡದಲ್ಲಿ ಪಿಚರ್ ಕಡಿಮೆ ಇದ್ದರು ಎಂದು ಒಂದು ಭಾನುವಾರ 110 ಚೆಂಡು ಎಸೆದೆ, ನಾಲ್ಕು ದಿನ ಬಿಟ್ಟು ಮತ್ತೆ 90. ಮಾರನೇ ಬೆಳಿಗ್ಗೆ ಕಾಫಿ ಲೋಟ ಎತ್ತಲು ಆಗಲಿಲ್ಲ. ನೋವು ಮೊಣಕೈಯ ಒಳಮಗ್ಗುಲಲ್ಲಿ. ಪಿಚರ್‌ಗಳನ್ನು ಕಾಡುವ ಸ್ನಾಯುಕಟ್ಟು ಇರುವುದು ಅಲ್ಲೇ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ಗೆ ಡಾಕ್ಟರ್ ಫ್ರ್ಯಾಂಕ್ ಜೋಬ್ ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಇಲ್ಲಿ ಕಟ್ಟಿದರು. ಆಪರೇಷನ್ ಆದ ಮೇಲೆ ಆತ 164 ಪಂದ್ಯ ಗೆದ್ದರು. ನನ್ನದು ಹರಿದಿರಲಿಲ್ಲ, ಎಳೆದಿತ್ತು ಅಷ್ಟೇ. ನನ್ನನ್ನು ನೋಡಿದ ಡಾಕ್ಟರು ಮೂರು ತಿಂಗಳು ಚೆಂಡು ಮುಟ್ಟಬೇಡ ಎಂದರು. ಆಮೇಲಿನಿಂದ ಜೇಬಲ್ಲಿ ಚೀಟಿ ಇಟ್ಟುಕೊಂಡು ಪ್ರತಿ ಇನ್ನಿಂಗ್ಸ್‌ಗೂ ಎಸೆತ ಬರೆದುಕೊಳ್ಳುತ್ತಿದ್ದೆ. 70 ಆದರೆ ಯಾರು ಏನೇ ಹೇಳಲಿ, ಇಳಿದು ಬರುತ್ತಿದ್ದೆ.

ನನ್ನ ಕೊನೆಯ ಪಂದ್ಯ 2017ರ ಆಗಸ್ಟ್‌ನಲ್ಲಿ. ಎದುರಿಗೆ 22ರ ಹುಡುಗ. ಎರಡು ಚೇಂಜ್‌ಅಪ್‌ಗೆ ಗಾಳಿಯಲ್ಲಿ ಬ್ಯಾಟ್ ಬೀಸಿದ, ಅವನ ಹೆಲ್ಮೆಟ್ಟೇ ಕಳಚಿ ಬಿತ್ತು. ಮೂರನೆಯದಕ್ಕೆ ಕ್ಯಾಚರ್ ಬಿರುಸಿನದು ಕೇಳಿದ. ನಾನು ತಲೆ ಅಲ್ಲಾಡಿಸಿ ಮತ್ತೆ ಅದನ್ನೇ ಹಾಕಿದೆ. ಈ ಸಲ ಹುಡುಗ ಕಾದ. ಚೆಂಡು ಬೇಲಿ ದಾಟಿ ಬ್ಲ್ಯಾಕ್‌ಬೆರಿ ಮುಳ್ಳಿನ ಪೊದೆಯೊಳಗೆ ಹೋಯಿತು. ಮೋಯರ್ 522 ಹೋಮ್ ರನ್ ಕೊಟ್ಟಿದ್ದಾರೆ, ಅಷ್ಟು ಕೊಟ್ಟ ಪಿಚರ್ ಇನ್ನೊಬ್ಬರಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹುಡುಗ ಆರಾಮಾಗಿ ಬೇಸ್ ಸುತ್ತುತ್ತಿದ್ದ. ಅಂಪೈರ್ ಜೇಬಿನಿಂದ ಇನ್ನೊಂದು ಚೆಂಡು ತೆಗೆದರು. ನಾನು ದಿಬ್ಬದ ಮೇಲೆ ನಿಂತುಕೊಂಡೇ ಪೊದೆ ಕಡೆ ಕೈ ತೋರಿಸಿ, 'ಹೊಡೆದವನೇ ತರಬೇಕು!' ಎಂದು ಕನ್ನಡದಲ್ಲಿ ಕೂಗಿದೆ.