ಹುಣಸೆ ಬೀಜವಿಟ್ಟು ಪೋಕರ್ ಕಲಿಯುವ ಬಗೆ: ಮಕ್ಕಳಿಗೆ ಐದೆಲೆಯ ಮೊದಲ ಪಾಠ

ಪೋಕರ್ ಎಂಬ ಹೆಸರು ಕೇಳಿದೊಡನೆ ನಮ್ಮ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅವರ ಆತಂಕ ಸಕಾರಣವಾದದ್ದು. ಹಣ ಕಟ್ಟಿ ಆಡುವ ಇಸ್ಪೀಟಾಟ ಎಷ್ಟೋ ಸಂಸಾರಗಳನ್ನು ಬೀದಿಗೆ ತಂದಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಕಾನೂನಿನ ಮೂಲಕ ನಿಷೇಧಿಸಿದೆ. ಆದರೆ ಹಣವನ್ನು ಪೂರ್ತಿಯಾಗಿ ಹೊರಗಿಟ್ಟ ಮೇಲೂ ಪೋಕರ್‌ನಲ್ಲಿ ಎಣಿಕೆ, ತಾಳ್ಮೆ ಮತ್ತು ಎದುರಿಗೆ ಕುಳಿತವರ ನಡೆಯನ್ನು ಗಮನಿಸುವ ಕಲೆ ಉಳಿಯುತ್ತವೆ. ಹತ್ತು ಹನ್ನೆರಡು ವರ್ಷದ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಕಲಿತುಬಿಡಬಹುದಾದ ಆಟ ಇದು.

ಪೋಕರ್‌ನಲ್ಲಿ ಹಲವು ಬಗೆಗಳಿವೆ. ಇಲ್ಲಿ ವಿವರಿಸುತ್ತಿರುವುದು ಐದೆಲೆಗಳನ್ನು ಹಂಚಿ, ಬೇಡದ ಎಲೆಗಳನ್ನು ಒಮ್ಮೆ ಬದಲಾಯಿಸಿಕೊಳ್ಳುವ ‘ಫೈವ್ ಕಾರ್ಡ್ ಡ್ರಾ’ ಎಂಬ ಹಳೆಯ ಬಗೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಮತ್ತು ಮಿಸಿಸಿಪ್ಪಿ ನದಿಯ ಹಬೆದೋಣಿಗಳಲ್ಲಿ ಈ ಆಟ ಬೆಳೆದಾಗ ಕಟ್ಟಿನಲ್ಲಿ ಇದ್ದದ್ದು 20 ಎಲೆ ಮಾತ್ರ. ನಾಲ್ವರಿಗೆ ಐದೈದು ಹಂಚಿದರೆ ಕಟ್ಟಿನಲ್ಲಿ ಏನೂ ಉಳಿಯುತ್ತಿರಲಿಲ್ಲ. 52 ಎಲೆಗಳ ಕಟ್ಟು ಬಳಕೆಗೆ ಬಂದ ಮೇಲೆಯೇ ಎಲೆ ಬದಲಾಯಿಸುವ ಪದ್ಧತಿಗೆ ಅವಕಾಶವಾಯಿತು.

ಆಟಕ್ಕೆ ಬೇಕಾದದ್ದು ಒಂದು ಕಟ್ಟು ಇಸ್ಪೀಟು ಮತ್ತು ಒಂದು ಬಟ್ಟಲು ಹುಣಸೆ ಬೀಜ. ಜೋಕರ್‌ಗಳನ್ನು ತೆಗೆದಿಡಬೇಕು. ನಾಲ್ಕೈದು ಜನರಿದ್ದರೆ ಆಟ ಚೆನ್ನಾಗಿ ಕೂಡುತ್ತದೆ. ಅಳಗುಳಿಮಣೆಗೆ ಎತ್ತಿಟ್ಟ ಬೀಜಗಳೇ ಇದಕ್ಕೂ ಸಾಕು. ಒಬ್ಬೊಬ್ಬರಿಗೆ 40ರಂತೆ ಎಣಿಸಿ ಕೊಡಿ. ಈ ಎಣಿಕೆಯನ್ನು ಹಗುರವಾಗಿ ನೋಡಬೇಡಿ. ಒಂದು ಬೇಸಿಗೆ ರಜೆಯಲ್ಲಿ ಅಕ್ಕನ ಮಕ್ಕಳಿಗೆ ಕಲಿಸುವಾಗ ನಾನು ಬಟ್ಟಲನ್ನೇ ಮಧ್ಯದಲ್ಲಿಟ್ಟು, ಬೇಕಾದಷ್ಟು ತೆಗೆದುಕೊಳ್ಳಿ ಎಂದಿದ್ದೆ. ಪ್ರತಿಯೊಬ್ಬರೂ ಪ್ರತಿ ಸಲವೂ ಮುಷ್ಟಿಗಟ್ಟಲೆ ಬೀಜ ಹಾಕಿದರು, ಯಾರೂ ಎಲೆ ಬಿಟ್ಟುಕೊಡಲಿಲ್ಲ, ಅರ್ಧ ಗಂಟೆಯಲ್ಲಿ ಎಲ್ಲರಿಗೂ ಬೇಸರವಾಯಿತು. ಮರುದಿನ ತಲೆಗೆ 40 ಎಂದು ನಿಗದಿ ಮಾಡಿ, ಸಾಲ ಕೊಡುವಂತಿಲ್ಲ, ಮುಗಿದರೆ ಮತ್ತೆ ಸಿಗುವುದಿಲ್ಲ ಎಂದೊಡನೆ ಅದೇ ಮಕ್ಕಳು ಒಂದೊಂದು ಬೀಜ ಇಡುವಾಗಲೂ ಯೋಚಿಸತೊಡಗಿದರು. ಪೋಕರ್‌ಗೆ ಬೇಕಾದದ್ದು ಹಣವಲ್ಲ, ಕೈಯಲ್ಲಿರುವುದು ಇಷ್ಟೇ ಎಂಬ ಮಿತಿ.

ಇನ್ನು ಎಲೆಗಳ ಬೆಲೆ. ಎಕ್ಕ ಎಲ್ಲಕ್ಕಿಂತ ದೊಡ್ಡದು, ನಂತರ ರಾಜ, ರಾಣಿ, ಗುಲಾಮ, 10, ಹೀಗೆ 2ರವರೆಗೆ. ಇಸ್ಪೇಟು, ಆಟಿನ್, ಡೈಮಂಡ್, ಕಳಾವರ್ ಈ ನಾಲ್ಕು ಚಿಹ್ನೆಗಳಲ್ಲಿ ಮೇಲುಕೀಳಿಲ್ಲ. ಐದು ಎಲೆಗಳು ಸೇರಿ ಆಗುವ ಕೈಗಳಲ್ಲಿ ಯಾವುದು ಹೆಚ್ಚು ಎಂಬುದನ್ನು ಬಾಯಿಪಾಠ ಮಾಡಬೇಕಿಲ್ಲ, ಅಪರೂಪವಾದದ್ದೇ ದೊಡ್ಡದು ಎಂಬ ಒಂದೇ ತತ್ತ್ವವನ್ನು ನೆನಪಿಟ್ಟರೆ ಸಾಕು. 52 ಎಲೆಗಳಿಂದ 25,98,960 ಬಗೆಯ ಐದೆಲೆಯ ಕೈಗಳು ಸಾಧ್ಯ. ಅವುಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಯಾವ ಹೊಂದಾಣಿಕೆಯೂ ಇಲ್ಲದವು. ಅಂಥ ಕೈಗೆ ಅದರೊಳಗಿನ ದೊಡ್ಡ ಎಲೆಯೇ ಬೆಲೆ. ಒಂದು ಜೋಡಿ, ಅಂದರೆ ಒಂದೇ ಸಂಖ್ಯೆಯ ಎರಡು ಎಲೆ, ನೂರಕ್ಕೆ ಸುಮಾರು 42 ಸಲ ಬರುತ್ತದೆ. ಎರಡು ಜೋಡಿ ಬರುವುದು ನೂರಕ್ಕೆ ಐದು ಸಲಕ್ಕಿಂತ ಕಡಿಮೆ, ಒಂದೇ ಸಂಖ್ಯೆಯ ಮೂರು ಎಲೆ ಬರುವುದು ಸುಮಾರು ಎರಡು ಸಲ. ಅದರ ಮೇಲೆ ಸ್ಟ್ರೇಟ್ ಬರುತ್ತದೆ: 5, 6, 7, 8, 9ರಂತೆ ಸಾಲಾಗಿ ಬಂದ ಐದು ಎಲೆ, ಚಿಹ್ನೆ ಯಾವುದಾದರೂ ಸರಿ. ಐದೂ ಒಂದೇ ಚಿಹ್ನೆಯವಾದರೆ ಅದು ಫ್ಲಶ್. ಮೂರು ಒಂದೇ ಸಂಖ್ಯೆ ಮತ್ತು ಒಂದು ಜೋಡಿ ಸೇರಿದರೆ ಫುಲ್ ಹೌಸ್. ಅದರ ಮೇಲಿನದು ಒಂದೇ ಸಂಖ್ಯೆಯ ನಾಲ್ಕು ಎಲೆ. ಎಲ್ಲಕ್ಕೂ ಮೇಲೆ, ಒಂದೇ ಚಿಹ್ನೆಯಲ್ಲಿ ಸಾಲಾಗಿ ಬಂದ ಐದು ಎಲೆಗಳ ಸ್ಟ್ರೇಟ್ ಫ್ಲಶ್. ಅದು 10ರಿಂದ ಎಕ್ಕದವರೆಗೆ ಬಂದರೆ ರಾಯಲ್ ಫ್ಲಶ್ ಎನ್ನುತ್ತಾರೆ, ಅಂಥವು ಇರುವುದು ನಾಲ್ಕೇ.

ನಮ್ಮ ಕಡೆಯ ಆಟಗಳನ್ನು ಆಡಿ ಬಂದವರು ಎರಡು ಕಡೆ ಎಡವುತ್ತಾರೆ. ರಮ್ಮಿಯಲ್ಲಿ ಸೀಕ್ವೆನ್ಸ್, ಅಂದರೆ ಎಲೆಗಳ ಸಾಲು, ಒಂದೇ ಚಿಹ್ನೆಯದಾಗಿರಬೇಕು. ಪೋಕರ್‌ನ ಸ್ಟ್ರೇಟ್‌ಗೆ ಆ ಕಟ್ಟುಪಾಡಿಲ್ಲ. ಮೂರೆಲೆಯ ಆಟದಲ್ಲಿ ಸೀಕ್ವೆನ್ಸ್ ಕಲರ್‌ಗಿಂತ (ಒಂದೇ ಚಿಹ್ನೆಯ ಮೂರು ಎಲೆಗಳಿಗಿಂತ) ದೊಡ್ಡದು, ಏಕೆಂದರೆ ಮೂರು ಎಲೆಗಳಲ್ಲಿ ಸಾಲು ಸಿಗುವುದೇ ಅಪರೂಪ. ಐದು ಎಲೆಗಳಾದಾಗ ಲೆಕ್ಕ ತಿರುಗಿ, ಫ್ಲಶ್ ಅಪರೂಪವಾಗುತ್ತದೆ. ಎಕ್ಕವನ್ನು ಸಾಲಿನ ಮೇಲ್ತುದಿಗೂ ಕೆಳತುದಿಗೂ ಸೇರಿಸಬಹುದು, ಆದರೆ ರಾಣಿ, ರಾಜ, ಎಕ್ಕ, 2, 3 ಎಂದು ಸುತ್ತು ಹಾಕಿಸುವಂತಿಲ್ಲ. ಇಬ್ಬರಿಗೂ ಒಂದೇ ಜೋಡಿ ಬಂದರೆ ಉಳಿದ ಎಲೆಗಳಲ್ಲಿ ದೊಡ್ಡದನ್ನು ನೋಡಬೇಕು. ಎಲ್ಲವೂ ಸಮವಾದರೆ ಬೀಜಗಳನ್ನು ಸಮನಾಗಿ ಹಂಚಿಕೊಳ್ಳಬೇಕು.

ಆಟ ಶುರುವಾಗುವ ಮೊದಲು ಪ್ರತಿಯೊಬ್ಬರೂ ಒಂದೊಂದು ಬೀಜವನ್ನು ಮಧ್ಯದ ರಾಶಿಗೆ ಹಾಕುತ್ತಾರೆ. ಹಂಚುವವರು ಎಲೆಗಳನ್ನು ಚೆನ್ನಾಗಿ ಕಲೆಸಿ, ಪಕ್ಕದವರಿಂದ ಕಟ್ ಮಾಡಿಸಿ, ತಮ್ಮ ಎಡಗಡೆಯವರಿಂದ ಆರಂಭಿಸಿ ಒಂದೊಂದೇ ಎಲೆಯಂತೆ ಎಲ್ಲರಿಗೂ ಐದೈದು ಎಲೆ ಮುಚ್ಚಿ ಹಂಚುತ್ತಾರೆ. ಎಡಗಡೆಯವರೇ ಮೊದಲು ಮಾತನಾಡಬೇಕು. ಅಲ್ಲಿಯವರೆಗೆ ಯಾರೂ ಪಣ ಇಟ್ಟಿರದಿದ್ದರೆ ಅವರು ‘ಚೆಕ್’ ಎಂದು ಹೇಳಿ ಏನೂ ಹಾಕದೆ ಸರದಿ ದಾಟಿಸಬಹುದು, ಇಲ್ಲವೇ ಪಣ ಇಡಬಹುದು. ಒಬ್ಬರು ಪಣ ಇಟ್ಟ ಮೇಲೆ ಮುಂದಿನವರಿಗೆ ಮೂರೇ ದಾರಿ: ಅಷ್ಟೇ ಬೀಜ ಹಾಕಿ ‘ಕಾಲ್’ ಮಾಡುವುದು, ಅದಕ್ಕಿಂತ ಹೆಚ್ಚು ಹಾಕಿ ‘ರೈಸ್’ ಮಾಡುವುದು, ಅಥವಾ ಎಲೆಗಳನ್ನು ಮುಚ್ಚಿಟ್ಟು ‘ಫೋಲ್ಡ್’ ಮಾಡಿ ಆ ಸಲದ ಆಟದಿಂದ ಹೊರಬರುವುದು. ಆಟದಲ್ಲಿ ಉಳಿದ ಎಲ್ಲರೂ ಸಮನಾಗಿ ಹಾಕಿದಾಗ ಮೊದಲ ಸುತ್ತು ಮುಗಿಯುತ್ತದೆ. ಮಕ್ಕಳ ಆಟದಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ 4 ಬೀಜ ಏರಿಸಬಹುದು ಎಂಬ ಮಿತಿ ಹಾಕಿದರೆ ಒಂದೇ ಕೈಯಲ್ಲಿ ಯಾರೂ ಸುಲಭವಾಗಿ ಬರಿಗೈಯಾಗುವುದಿಲ್ಲ.

ಆನಂತರ ಎಲೆ ಬದಲಾಯಿಸುವ ಘಟ್ಟ. ಪ್ರತಿಯೊಬ್ಬರೂ ಬೇಡದ ಎಲೆಗಳನ್ನು, ಹೆಚ್ಚೆಂದರೆ ಮೂರನ್ನು, ಮುಚ್ಚಿ ಕೆಳಗಿಟ್ಟು ಕಟ್ಟಿನಿಂದ ಅಷ್ಟೇ ಹೊಸ ಎಲೆ ಪಡೆಯುತ್ತಾರೆ. ಬಳಿಕ ಎರಡನೆಯ ಸುತ್ತು ಮೊದಲಿನಂತೆಯೇ ನಡೆಯುತ್ತದೆ. ಕೊನೆಗೆ ಒಬ್ಬರೇ ಉಳಿದರೆ ಎಲೆ ತೋರಿಸದೆಯೇ ರಾಶಿ ಅವರದು. ಇಬ್ಬರು ಮೂವರು ಉಳಿದರೆ ಎಲೆ ಬಿಚ್ಚಿ ತೋರಿಸಬೇಕು.

ಒಂದು ಕೈಯನ್ನು ಹತ್ತಿರದಿಂದ ನೋಡೋಣ. ಕಾವ್ಯ ಎಲೆ ಹಂಚಿದ್ದಾಳೆ. ಅವಳ ಎಡಕ್ಕೆ ಕ್ರಮವಾಗಿ ಸುಹಾಸ, ಫಾತಿಮಾ, ದರ್ಶನ್ ಕುಳಿತಿದ್ದಾರೆ. ರಾಶಿಯಲ್ಲಿ 4 ಬೀಜಗಳಿವೆ. ಸುಹಾಸನ ಬಳಿ ಎರಡು 8ಗಳಿವೆ, ಅವನು ಚೆಕ್ ಎನ್ನುತ್ತಾನೆ. ಫಾತಿಮಾಳ ಬಳಿ ಎರಡು ರಾಜರು, ಅವಳು 2 ಬೀಜ ಇಡುತ್ತಾಳೆ. ದರ್ಶನ್ ಬಳಿ ನಾಲ್ಕು ಡೈಮಂಡ್‌ಗಳೂ ಒಂದು ಇಸ್ಪೇಟಿನ 5 ಕೂಡ ಇವೆ. ಇನ್ನೊಂದು ಡೈಮಂಡ್ ಬಂದರೆ ಫ್ಲಶ್ ಆಗುತ್ತದೆಂದು ಕಾಲ್ ಮಾಡುತ್ತಾನೆ. ಕಾವ್ಯಳಿಗೆ ಏನೂ ಇಲ್ಲ, ಅವಳು ಬಿಡುತ್ತಾಳೆ. ಸುಹಾಸ ಕಾಲ್ ಮಾಡುತ್ತಾನೆ. ರಾಶಿ 10 ಆಯಿತು. ಸುಹಾಸ ಮೂರು ಎಲೆ ಬದಲಿಸಿದ, ಫಾತಿಮಾ ಮೂರು, ದರ್ಶನ್ ಒಂದೇ. ಫಾತಿಮಾಳಿಗೆ ಎರಡು 7 ಬಂದು ಎರಡು ಜೋಡಿಯಾಯಿತು. ದರ್ಶನ್‌ಗೆ ಬಂದದ್ದು ಕಳಾವರ್ 2. ಅವನು ಕಾಣದ 47 ಎಲೆಗಳಲ್ಲಿ ಡೈಮಂಡ್ ಇದ್ದದ್ದು 9, ಅಂದರೆ ಸುಮಾರು ಐದರಲ್ಲಿ ಒಂದು ಅವಕಾಶ, ಅದು ತಪ್ಪಿತು.

ಎರಡನೆಯ ಸುತ್ತಿನಲ್ಲಿ ಸುಹಾಸ ಚೆಕ್, ಫಾತಿಮಾ 4 ಬೀಜ. ದರ್ಶನ್ ಮುಖ ಬದಲಿಸದೆ 8 ಹಾಕಿ ರೈಸ್ ಮಾಡುತ್ತಾನೆ. ಇದೇ ಬ್ಲಫ್: ಇಲ್ಲದ ಕೈ ಇದೆಯೆಂದು ಬೀಜಗಳ ಮೂಲಕ ಹೇಳುವುದು. ಸುಹಾಸ ಬಿಟ್ಟುಬಿಡುತ್ತಾನೆ. ಈಗ ರಾಶಿ 22, ಫಾತಿಮಾ ಇನ್ನೂ 4 ಹಾಕಬೇಕು. ಇಲ್ಲಿ ಅವಳು ಎಣಿಸಬೇಕಾದ ರೀತಿ ಹೀಗೆ: ಇಂಥ ಆರು ಸಂದರ್ಭಗಳಲ್ಲಿ ಐದು ಸಲ ಸೋತರೆ 20 ಬೀಜ ಹೋಗುತ್ತವೆ, ಒಂದೇ ಸಲ ಗೆದ್ದರೂ 22 ಬರುತ್ತವೆ. ದರ್ಶನ್ ಒಂದೇ ಎಲೆ ಬದಲಿಸಿದ್ದನ್ನು ಅವಳು ನೋಡಿದ್ದಾಳೆ. ಅವನು ಫ್ಲಶ್ಶನ್ನೋ ಸ್ಟ್ರೇಟನ್ನೋ ಕಾಯುತ್ತಿದ್ದಿರಬಹುದು, ಅವು ಬಹಳ ಸಲ ಕೂಡಿಬರುವುದಿಲ್ಲ. ಅವಳು ಕಾಲ್ ಮಾಡಿ 26 ಬೀಜ ಎಳೆದುಕೊಳ್ಳುತ್ತಾಳೆ. ದರ್ಶನ್‌ಗೆ ನಿಜವಾಗಿ ಫ್ಲಶ್ ಬಂದಿದ್ದರೆ ಅವಳು ಸೋಲುತ್ತಿದ್ದಳು, ಆಗಲೂ ಅವಳ ಲೆಕ್ಕ ತಪ್ಪಲ್ಲ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿ.

ಬ್ಲಫ್ ಎಂದರೆ ಸುಳ್ಳಲ್ಲವೇ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಕಬಡ್ಡಿಯಲ್ಲಿ ಬಲಕ್ಕೆ ನುಗ್ಗುವಂತೆ ತೋರಿಸಿ ಎಡಗಡೆಯವನನ್ನು ಮುಟ್ಟುವುದು ಹೇಗೋ ಇದೂ ಹಾಗೆ. ನಿಯಮ ಎಲ್ಲರಿಗೂ ತಿಳಿದಿರುವುದರಿಂದ ಅದು ಆಟದೊಳಗಿನ ನಡೆ. ಆದರೆ ಎಲೆ ಕದಿಯುವುದು, ಪಕ್ಕದವರ ಕೈ ಇಣುಕುವುದು, ಸರದಿ ಬರುವ ಮೊದಲೇ ‘ನಾನು ಬಿಟ್ಟೆ’ ಎನ್ನುವುದು, ಬಿಟ್ಟ ಮೇಲೆ ತನ್ನ ಬಳಿ ಏನಿತ್ತೆಂದು ಇತರರು ಆಡುತ್ತಿರುವಾಗಲೇ ಹೇಳುವುದು, ಇವು ಸಲ್ಲವು. ಹೊಸಬರಲ್ಲಿ ನಾನು ಹೆಚ್ಚು ಕಂಡಿರುವ ತಪ್ಪು ಬ್ಲಫ್ ಅಲ್ಲ, ಏನೂ ಇಲ್ಲದ ಕೈಯಲ್ಲೂ ಕುತೂಹಲಕ್ಕೆಂದು ಕಾಲ್ ಮಾಡುತ್ತಲೇ ಹೋಗುವುದು. ಮೊದಲ ದಿನ, ಜೋಡಿಯಾದರೂ ಇಲ್ಲದಿದ್ದರೆ ಬಿಟ್ಟುಬಿಡು ಎಂಬ ಒಂದು ಸೂಚನೆ ಸಾಕು.

ಬೀಜ ಮುಗಿದವರನ್ನು ಎಬ್ಬಿಸಿ ಕಳುಹಿಸಬೇಡಿ. ಮುಂದಿನ ಕೈಗಳಿಗೆಲ್ಲ ಎಲೆ ಹಂಚುವ ಕೆಲಸವನ್ನು ಅವರಿಗೇ ಕೊಡಿ. ಯಾರು ಎಷ್ಟು ಎಲೆ ಬದಲಿಸಿದರು, ಆಮೇಲೆ ಎಷ್ಟು ಬೀಜ ಇಟ್ಟರು ಎಂಬುದನ್ನು ಅವರು ಆಗ ನಿರಾಳವಾಗಿ ನೋಡುತ್ತಾರೆ. ಒಂದು ಗಂಟೆಯಾದ ಮೇಲೆ ಬೀಜಗಳನ್ನೆಲ್ಲ ಬಟ್ಟಲಿಗೆ ಸುರಿದು, ಮತ್ತೆ ತಲೆಗೆ 40ರಂತೆ ಎಣಿಸಿ ಹಂಚಿ, ಎಲ್ಲರನ್ನೂ ಕೂರಿಸಿಕೊಂಡು ಹೊಸ ಆಟ ಆರಂಭಿಸಬಹುದು.