ಎಚ್-4 ವೀಸಾದವರು ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜಿಗೆ ಸೇರುವ ಮುಂಚೆ

ಕ್ಯಾಲಿಫೋರ್ನಿಯಾದಲ್ಲಿ ಎಚ್-4 ವೀಸಾ (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ/ಹೆಂಡತಿ, ಮಕ್ಕಳಿಗೆ ಸಿಗುವ ವೀಸಾ) ಮೇಲಿರುವವರು ಕಮ್ಯುನಿಟಿ ಕಾಲೇಜು (ಎರಡು ವರ್ಷದ ಸರ್ಕಾರಿ ಕಾಲೇಜು) ಸೇರುವ ಯೋಚನೆಯಲ್ಲಿದ್ದರೆ, ಈಗಿನಿಂದಲೇ ಮನೆಯ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ. ಸಾಧ್ಯವಾದರೆ ಡ್ರೈವಿಂಗ್ ಲೈಸೆನ್ಸನ್ನೂ ಮಾಡಿಸಿಕೊಳ್ಳಿ. ಅಡ್ಮಿಷನ್ ಏನೂ ಕಷ್ಟವಲ್ಲ, 18 ತುಂಬಿದ್ದರೆ ಸಾಕು, ಅರ್ಜಿಗೆ ದುಡ್ಡೂ ಇಲ್ಲ. ಆಟ ಇರುವುದೆಲ್ಲ ಫೀಸಿನಲ್ಲಿ. ರಾಜ್ಯದ ನಿವಾಸಿ ಅಂತ ಒಪ್ಪಿದರೆ ಯೂನಿಟ್‌ಗೆ 46 ಡಾಲರ್ (ಕೋರ್ಸಿನ ಗಾತ್ರ ಅಳೆಯುವ ಲೆಕ್ಕವೇ ಯೂನಿಟ್), ಇಲ್ಲದಿದ್ದರೆ ಅದರ ಹಲವು ಪಟ್ಟು! ಎಚ್-4 ಇದ್ದವರಿಗೆ ನಿವಾಸಿ ಆಗಲು ಅಡ್ಡಿಯಿಲ್ಲ. ಆದರೆ ಟರ್ಮ್ ಶುರುವಾಗುವ ಹಿಂದಿನ ದಿನಕ್ಕೆ ನೀವು ಕ್ಯಾಲಿಫೋರ್ನಿಯಾಗೆ ಬಂದು ಒಂದು ವರ್ಷಕ್ಕಿಂತ ಜಾಸ್ತಿ ಆಗಿರಬೇಕು, ಅಲ್ಲೇ ನೆಲೆಸುವ ಉದ್ದೇಶವನ್ನು ಕಾಗದದಲ್ಲಿ ತೋರಿಸಬೇಕು. ನಮ್ಮಲ್ಲಿ ಎಲ್ಲವೂ ಯಜಮಾನರ ಹೆಸರಲ್ಲೇ ಇರುತ್ತದೆ, ಅಲ್ವಾ? ಅಲ್ಲೇ ಸಿಕ್ಕಿಕೊಳ್ಳುವುದು. ಇಬ್ಬರೂ ಸೇರಿ ಸಲ್ಲಿಸಿದ ರಾಜ್ಯದ ಟ್ಯಾಕ್ಸ್ ರಿಟರ್ನ್ ಇದ್ದರೆ ಅದನ್ನೂ ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿ ನಿಮ್ಮನ್ನು ಹೊರಗಿನವರು ಅಂತ ತೋರಿಸಿದರೆ ಸುಮ್ನೆ ದುಡ್ಡು ಕಟ್ಟಬೇಡಿ. ಟರ್ಮಿಗೆ ಮುಂಚೆಯೇ ದಾಖಲೆ ಹಿಡಿದು ಅಡ್ಮಿಷನ್ಸ್ ಆಫೀಸಿಗೆ ಹೋಗಿ. ಬೇರೆ ರಾಜ್ಯದಿಂದ ಈಚೆಗೆ ಬಂದವರಿಗೂ ಎಫ್-1 (ವಿದ್ಯಾರ್ಥಿ) ವೀಸಾದವರಿಗೂ ಈ ನಿವಾಸಿ ಫೀಸು ಸಿಗುವುದಿಲ್ಲ. ಊರಿಂದ ಬಿ-2 ಪ್ರವಾಸಿ ವೀಸಾದಲ್ಲಿ ಬಂದವರಂತೂ ಕಾಲೇಜಿಗೆ ಸೇರುವಂತೆಯೇ ಇಲ್ಲ.