ಮಳೆಗೆ ನಿಲ್ಲುವ, ಬಿಸಿಲಿಗೆ ಕಾಯುವ ಹಳೆಯ ಯೆಜ್ಡಿ: ದೋಷ ಹುಡುಕುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳ ಪೈಕಿ ಇಂದಿಗೂ ರಸ್ತೆಯಲ್ಲಿ ಓಡುತ್ತಿರುವವು ಕಡಿಮೆಯೇನಿಲ್ಲ. ಅವುಗಳ ಮಾಲೀಕರು ಹೇಳಿಕೊಳ್ಳುವ ತೊಂದರೆಗಳಲ್ಲಿ ಎರಡು ಮತ್ತೆ ಮತ್ತೆ ಕೇಳಿಬರುತ್ತವೆ. ಜೋರು ಮಳೆಯಲ್ಲಿ ಗಾಡಿ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ನಿಂತು, ನೆರಳಿನಲ್ಲಿ ತುಸು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಎರಡರಲ್ಲೂ ಇರುವ ತೊಡಕು ಒಂದೇ. ಗಾಡಿ ಮೆಕ್ಯಾನಿಕ್ ಕೈಗೆ ಸಿಗುವ ಹೊತ್ತಿಗೆ ಒಣಗಿರುತ್ತದೆ, ಇಲ್ಲವೇ ತಣಿದಿರುತ್ತದೆ. ದೋಷ ಕಣ್ಣಿಗೆ ಬೀಳುವುದಿಲ್ಲ. ಆಮೇಲೆ ಪ್ಲಗ್, ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ಕಾರ್ಬೊರೇಟರ್ ಎಂದು ಒಂದೊಂದೇ ಬದಲಾಗುತ್ತಾ ಹೋಗಿ, ಹಣ ಖರ್ಚಾಗಿ, ದೋಷ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಒದ್ದೆಯ ದೋಷವನ್ನು ಒದ್ದೆಯಿರುವಾಗಲೇ, ಬಿಸಿಯ ದೋಷವನ್ನು ಬಿಸಿಯಿರುವಾಗಲೇ ಹಿಡಿಯಬೇಕು ಎಂಬುದೇ ಇಲ್ಲಿ ಹೇಳಹೊರಟಿರುವ ಕ್ರಮ. ಇದು 6 ವೋಲ್ಟ್ ಡೈನಮೊ, ಬ್ಯಾಟರಿ ಮತ್ತು ಪಾಯಿಂಟ್ (ಕಾಯಿಲ್ಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಇರುವ ಮಾದರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ಗಾಡಿ ನಿಂತ ಕೂಡಲೇ

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಒಳಗೆಳೆದ ಸದ್ದು ಕೇಳಿಸಿ, ಒಂದೆರಡು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ನೇರವಾಗಿ ಕಾರ್ಬೊರೇಟರ್ ಬಿಚ್ಚುವವರೇ ಹೆಚ್ಚು.

ಅದಲ್ಲವಾದರೆ ಕಿಡಿ ನೋಡಬೇಕು. ಟೂಲ್ ಬಾಕ್ಸಿನಲ್ಲಿ ಸದಾ ಇರಬೇಕಾದ ಒಣಗಿದ ಇನ್ನೊಂದು ಪ್ಲಗ್ಗನ್ನು ಪ್ಲಗ್ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಹೆಡ್ಡಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು, ನೆರಳು ಮಾಡಿಕೊಂಡು ಕಿಕ್ ಹೊಡೆದು ನೋಡಿ. ಎಂಜಿನ್ನಿನ ಪ್ಲಗ್ಗನ್ನು ಬಿಚ್ಚದೇ ಇದನ್ನು ಮಾಡುವುದು ಸುರಕ್ಷಿತ. ಬಿಚ್ಚಿದ ರಂಧ್ರದಿಂದ ಹೊರಚಿಮ್ಮುವ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ನೀಲಿ ಬಣ್ಣದ, ಚಟ್ ಎಂದು ಸದ್ದು ಮಾಡುವ ಕಿಡಿ ಬಂದರೆ ದೋಷ ಪೆಟ್ರೋಲ್ ಕಡೆಗಿದೆ, ಅಥವಾ ಎಂಜಿನ್ನಿನೊಳಗಿರುವ ಪ್ಲಗ್ಗೇ ಕೆಟ್ಟಿದೆ. ಕಿಡಿ ಹಳದಿಯಾಗಿ ಸೊರಗಿದ್ದರೆ ಅಥವಾ ಬರದೇ ಇದ್ದರೆ ಕಾರ್ಬೊರೇಟರನ್ನು ಮುಟ್ಟುವ ಅಗತ್ಯವೇ ಇಲ್ಲ.

ಮಳೆಯ ದೋಷ

ಮಲೆನಾಡಿನಲ್ಲಿ ಹಳೆಯ ಗಾಡಿ ಓಡಿಸುವವರಿಗೆ ಮೊದಲು ಕೈಕೊಡುವುದು ಪ್ಲಗ್ ಕ್ಯಾಪ್ ಮತ್ತು ಪ್ಲಗ್ ವೈರ್. ಹಲವು ಸಾವಿರ ವೋಲ್ಟ್ ಹರಿಯುವ ಈ ದಾರಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಮೇಲೆ ನೀರಿನ ಪೊರೆ ಕುಳಿತೊಡನೆ ಕರೆಂಟು ಪ್ಲಗ್ಗಿಗೆ ಹೋಗದೆ ಹತ್ತಿರದ ಲೋಹಕ್ಕೆ ಹಾರಿಬಿಡುತ್ತದೆ. ಇದನ್ನು ಹಿಡಿಯಲು ಮಳೆಗಾಗಿ ಕಾಯಬೇಕಿಲ್ಲ. ರಾತ್ರಿ ದೀಪ ಆರಿಸಿ, ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಿಂದ ಕ್ಯಾಪ್, ವೈರ್ ಹಾಗೂ ಕಾಯಿಲ್ಲಿನ ಬಾಯಿಗೆ ಒಂದರ ನಂತರ ಒಂದಾಗಿ ನೀರು ಚಿಮುಕಿಸಿ. ಸೋರುವ ಜಾಗದಲ್ಲಿ ನೀಲಿ ಎಳೆಯೊಂದು ಹರಿದಾಡುವುದು ಬರಿಗಣ್ಣಿಗೇ ಕಾಣುತ್ತದೆ, ಎಂಜಿನ್ನಿನ ಸದ್ದೂ ಅದೇ ಕ್ಷಣ ಮುಗ್ಗರಿಸುತ್ತದೆ. ಎಂಜಿನ್ ಓಡುವಾಗ ಈ ಭಾಗಗಳನ್ನು ಕೈಯಿಂದ ಮುಟ್ಟಬಾರದು. ಸೋರಿಕೆ ಕಂಡ ಭಾಗವನ್ನು ಟೇಪ್ ಸುತ್ತಿ ಉಳಿಸಿಕೊಳ್ಳುವ ಪ್ರಯತ್ನ ಬೇಡ. ಅಲ್ಲಿ ಆಗಲೇ ಇಂಗಾಲದ ಕಪ್ಪು ಗೆರೆ ಮೂಡಿರುತ್ತದೆ, ಅದು ಒಣಗಿದಾಗಲೂ ವಿದ್ಯುತ್ತನ್ನು ಒಯ್ಯುತ್ತದೆ. ಹೊಸ ಕ್ಯಾಪನ್ನು ತಿರುಪಿ ಕೂರಿಸುವ ಮುನ್ನ ವೈರಿನ ತುದಿಯನ್ನು ಸ್ವಲ್ಪ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಮಾಡಿ, ಕ್ಯಾಪಿನ ಎರಡು ಬಾಯಿಗೂ ಸಿಲಿಕೋನ್ ಗ್ರೀಸ್ ಸವರಿದರೆ ಸಾಕು. ಕ್ಯಾಪಿಗೆ ಪ್ಲಾಸ್ಟಿಕ್ ಚೀಲ ಕಟ್ಟುವವರೂ ಇದ್ದಾರೆ. ಎಂಜಿನ್ನಿನ ಬಿಸಿಗೆ ಎದ್ದ ಆವಿ ಆ ಚೀಲದೊಳಗೇ ಹನಿಗಟ್ಟುವುದರಿಂದ ಅದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ನನ್ನ ಅಭಿಪ್ರಾಯ.

ಎರಡನೆಯ ಜಾಗ ಬಲಬದಿಯ ಕವರಿನೊಳಗೆ, ಡೈನಮೊ ಮತ್ತು ಪಾಯಿಂಟ್ ಇರುವ ಕಡೆ. ಕವರ್ ತೆಗೆದಾಗ ಒಳಗೋಡೆಯ ಮೇಲೆ ಹನಿಗಳಿದ್ದರೆ ನೀರು ಬಂದ ದಾರಿಯನ್ನು ಹುಡುಕಬೇಕು; ಸಾಮಾನ್ಯವಾಗಿ ಅದು ವೈರುಗಳು ಹೊರಬರುವ ಕಡೆ ಗಟ್ಟಿಯಾಗಿಹೋದ ರಬ್ಬರ್, ಇಲ್ಲವೇ ಕವರ್ ಸರಿಯಾಗಿ ಕೂರದ ಅಂಚು. ಡೈನಮೊದ ಕಾರ್ಬನ್ ಬ್ರಷ್‌ಗಳು ಸವೆದು ಉದುರಿದ ಪುಡಿ ಒಣಗಿದ್ದಾಗ ಹೆಚ್ಚು ತೊಂದರೆ ಕೊಡದಿದ್ದರೂ, ತೇವ ಸೇರಿದಾಗ ಕಪ್ಪು ಕೆಸರಾಗಿ, ಬೇರೆಬೇರೆ ಇರಬೇಕಾದ ತುದಿಗಳನ್ನು ಒಂದುಗೂಡಿಸಿಬಿಡುತ್ತದೆ. ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅದನ್ನು ಒರೆಸಿ, ಪೆಟ್ರೋಲ್ ಪೂರ್ತಿ ಆರುವವರೆಗೆ ಕಿಕ್ ಹೊಡೆಯದೆ ಕಾಯಬೇಕು. ಬ್ರಷ್‌ಗಳು ತಾಗಿ ತಿರುಗುವ ಕಮ್ಯುಟೇಟರನ್ನು ಉಜ್ಜಬೇಕಾದರೆ ನಯವಾದ ಮರಳು ಕಾಗದ ಬಳಸಿ. ಎಮರಿ ಕಾಗದದ ಕಣಗಳು ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿಕೊಂಡು ಶಾರ್ಟ್ ಮಾಡಬಲ್ಲವು. ಪಾಯಿಂಟಿನ ಎರಡು ಮುಖಗಳ ನಡುವೆ ದಪ್ಪ ಕಾಗದದ ತುಂಡೊಂದನ್ನು ಎಳೆದು, ತೇವ ಮತ್ತು ಎಣ್ಣೆಯನ್ನು ತೆಗೆದು, ಗರಿಷ್ಠ ತೆರೆದಿರುವಾಗ ಅಂತರ 0.4 ಮಿಲಿಮೀಟರ್ ಇದೆಯೇ ಎಂದು ಫೀಲರ್ ಗೇಜಿನಿಂದ ನೋಡಿ.

ಕ್ಯಾಪ್, ಪಾಯಿಂಟ್ ಎರಡೂ ಸರಿಯಿದ್ದು ಕಿಡಿ ಬರದಿದ್ದರೆ ಇಗ್ನಿಷನ್ ಸ್ವಿಚ್ಚನ್ನು ಅನುಮಾನಿಸಬೇಕು. ಬ್ಯಾಟರಿಯ ಅರ್ತ್ (ಚಾಸಿಗೆ ಜೋಡಿಸಿದ) ಅಲ್ಲದ ತುದಿಯಿಂದ, ಫ್ಯೂಸ್ ಇರುವ ವೈರ್ ತುಂಡೊಂದನ್ನು ನೇರವಾಗಿ, ಸ್ವಿಚ್ಚಿನಿಂದ ಕಾಯಿಲ್ಲಿಗೆ ಕರೆಂಟು ಬರುವ ತುದಿಗೆ ಕೊಟ್ಟು ಕಿಕ್ ಹೊಡೆಯಿರಿ. ಆಗ ಕಿಡಿ ಬಂದರೆ ಸ್ವಿಚ್ ಅಥವಾ ಅದರ ವೈರುಗಳಲ್ಲಿ ತುಕ್ಕಿದೆ. ಪರೀಕ್ಷೆ ಮುಗಿದೊಡನೆ ಆ ವೈರನ್ನು ಕಳಚಬೇಕು. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಎಂಜಿನ್ ನಿಂತಿದ್ದರೆ ಕಾಯಿಲ್ ಸುಡುತ್ತದೆ. ಯಮಹಾ ಆರ್‌ಎಕ್ಸ್ 100ರಂತಹ, ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಸಿಡಿಐ ಇರುವ ಗಾಡಿಗಳಲ್ಲಿ ಲೆಕ್ಕ ತದ್ವಿರುದ್ಧ ಎಂಬುದನ್ನು ಮರೆಯಬಾರದು. ಅಲ್ಲಿ ಸ್ವಿಚ್ಚಿನ ವೈರ್ ಅರ್ತ್ ಆದಾಗ ಎಂಜಿನ್ ನಿಲ್ಲುತ್ತದೆ, ಆದ್ದರಿಂದ ಸ್ವಿಚ್ಚಿನೊಳಗೆ ನೀರು ಹೊಕ್ಕರೆ ಆ ವೈರನ್ನು ಸಿಡಿಐ ಕಡೆಯಲ್ಲಿ ಕಳಚಿಟ್ಟು ನೋಡಬೇಕು.

ಅರ್ತ್ ವಿಷಯದಲ್ಲಿ 6 ವೋಲ್ಟ್ ಗಾಡಿ ಕಿಂಚಿತ್ತೂ ಉದಾಸೀನವನ್ನು ಸಹಿಸುವುದಿಲ್ಲ. ಅಷ್ಟೇ ವಾಟ್ ಬೆಳಕಿಗೆ 12 ವೋಲ್ಟ್ ಗಾಡಿಗಿಂತ ಎರಡರಷ್ಟು ಕರೆಂಟು ಹರಿಯಬೇಕಾದ್ದರಿಂದ, ತುಕ್ಕು ಹಿಡಿದ ಒಂದೇ ಕೀಲಿನಲ್ಲಿ ಆಗುವ ನಷ್ಟ, ಒಟ್ಟು ವೋಲ್ಟೇಜಿನ ಪಾಲಿನಲ್ಲಿ ನೋಡಿದರೆ, ನಾಲ್ಕು ಪಟ್ಟಾಗುತ್ತದೆ. ಹೆಡ್‌ಲೈಟ್ ಹೊತ್ತಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಮೊದಲು ಚಾಸಿಯ, ಆಮೇಲೆ ಹೆಡ್‌ಲೈಟ್ ಬುಡದ ಬರಿ ಲೋಹಕ್ಕೂ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದ ಕಡೆ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಕೆರೆದು, ಮತ್ತೆ ಬಿಗಿದು, ಮೇಲೆ ವ್ಯಾಸಲಿನ್ ಸವರಬೇಕು. ಹೊಸದಾಗಿ ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಈ ದೋಷ ವಿಶೇಷವಾಗಿ ಕಾಣುತ್ತದೆ, ಏಕೆಂದರೆ ಅರ್ತ್ ಬೋಲ್ಟಿನ ಕೆಳಗೂ ಬಣ್ಣ ಹೋಗಿ ಕುಳಿತಿರುತ್ತದೆ.

ಕಿಡಿ ಚೆನ್ನಾಗಿದ್ದೂ ಮಳೆಯ ಮರುದಿನ ಗಾಡಿ ಹೊರಡದಿದ್ದರೆ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರವಾಗಿ ಇಲ್ಲವೇ ಗೋಲಿಯಂತೆ ಉರುಳಾಡುವುದು ನೀರು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದಾಗ ನೀರಿನೊಂದಿಗೆ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ. ಅಂಥ ಪೆಟ್ರೋಲನ್ನು ಪೂರ್ತಿ ಚೆಲ್ಲದೆ ಬೇರೆ ಉಪಾಯವಿಲ್ಲ.

ಬಿಸಿಯ ದೋಷ

ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಂತ ಗಾಡಿಯನ್ನೆಲ್ಲ ಎಂಜಿನ್ ಕಾದದ್ದರಿಂದ ನಿಂತಿತು ಎಂದು ತೀರ್ಮಾನಿಸುವುದು ಸರಿಯಲ್ಲ. ಬಹಳ ಸಲ ಕಾದು ಕೈಕೊಟ್ಟಿರುವುದು ಕಾಯಿಲ್ ಅಥವಾ ಕಂಡೆನ್ಸರ್ (ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಭಾಗ). ಗಾಡಿ ನಿಂತಾಗ ಕಿಡಿ ಇಲ್ಲದಿದ್ದರೆ, ಎಂಜಿನ್ ಇನ್ನೂ ಬಿಸಿಯಿರುವಾಗಲೇ ಒದ್ದೆ ಬಟ್ಟೆಯನ್ನು ಹಿಂಡಿ, ತುದಿಗಳಿಗೆ ತಾಗದಂತೆ ಕಾಯಿಲ್ಲಿನ ಮೈಗೆ ಮಾತ್ರ ಸುತ್ತಿ, ಐದಾರು ನಿಮಿಷದ ನಂತರ ಬಟ್ಟೆ ತೆಗೆದು ಕಿಡಿ ನೋಡಿ. ಅದೊಂದನ್ನೇ ತಣಿಸಿದ್ದರಿಂದ ಕಿಡಿ ಮರಳಿದರೆ ಅಪರಾಧಿ ಕಾಯಿಲ್ಲೇ. ಒಳಗಿನ ಸುತ್ತು ಬಿಸಿಗೆ ಹಿಗ್ಗಿ ತುಂಡಾಗುತ್ತಿದೆ. ಕಂಡೆನ್ಸರ್ ಕೆಟ್ಟಿದ್ದರೆ ಪಾಯಿಂಟ್ ತೆರೆಯುವಾಗ ಅಲ್ಲೇ ದೊಡ್ಡ ಕಿಡಿ ಹಾರುತ್ತದೆ, ಮುಖಗಳು ಕಪ್ಪಾಗಿರುತ್ತವೆ. ಹಳೆಯ ಕಂಡೆನ್ಸರಿನ ವೈರ್ ಕಳಚಿ, ಜೊತೆಗಿಟ್ಟುಕೊಂಡ ಇನ್ನೊಂದನ್ನು ಪಾಯಿಂಟಿನ ವೈರಿಗೂ ಅರ್ತಿಗೂ ನಡುವೆ ಜೋಡಿಸಿದರೆ ಅಲ್ಲೇ ಉತ್ತರ ಸಿಗುತ್ತದೆ. ಎಂಜಿನ್ನಿಗೆ ಅಂಟಿಕೊಂಡು ಸದಾ ಬೇಯುವ ಕಂಡೆನ್ಸರನ್ನು ಟ್ಯಾಂಕಿನ ಕೆಳಗೆ, ಗಾಳಿಯಾಡುವ ಕಡೆಗೆ ಸ್ಥಳಾಂತರಿಸುವುದನ್ನು ಮೂಲ ರೂಪದ ಅಭಿಮಾನಿಗಳು ಒಪ್ಪಲಾರರು, ಆದರೆ ದಿನವೂ ಓಡುವ ಗಾಡಿಗೆ ಅದು ಒಳ್ಳೆಯ ಏರ್ಪಾಡು.

ನಿಜವಾಗಿಯೂ ಎಂಜಿನ್ ಕಾಯುತ್ತಿದ್ದರೆ ಲಕ್ಷಣಗಳು ಬೇರೆ. ಏರಿನಲ್ಲಿ ಕಿಣಿಕಿಣಿ ಸದ್ದು ಬರುತ್ತದೆ, ಪಿಕಪ್ ಇಳಿಯುತ್ತದೆ, ಯಾರೋ ಹಿಂದಿನಿಂದ ಬ್ರೇಕ್ ಹಿಡಿದಂತೆ ಗಾಡಿ ಭಾರವಾಗುತ್ತದೆ. ಪಿಸ್ಟನ್ ಸೀಜ್ ಆಗುವ, ಅಂದರೆ ಬಿಗಿದು ಕಚ್ಚಿಕೊಳ್ಳುವ ಮೊದಲಿನ ಸೂಚನೆ ಇದು; ಆ ಕ್ಷಣವೇ ಕ್ಲಚ್ ಹಿಡಿದು, ಬದಿಗೆ ತಂದು, ತಾನಾಗಿ ತಣಿಯಲು ಬಿಡಬೇಕು. ಪಿಸ್ಟನ್ ಓಡಾಡುವ ಬೋರ್ (ಸಿಲಿಂಡರ್) ಬೀಡು ಕಬ್ಬಿಣದ್ದು, ಅದರ ಮೇಲೆ ನೀರು ಸುರಿದರೆ ಬಿರುಕು ಬಿಡುವ ಸಂಭವವಿದೆ. ತಣಿದ ಮೇಲೆ ಪ್ಲಗ್ ಬಿಚ್ಚಿ ನೋಡಿ: ಬಿಳಿಚಿಕೊಂಡಿದ್ದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತಿದೆ, ಸಣ್ಣ ಹೊಳೆಯುವ ಕಣಗಳು ಅಂಟಿದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗತೊಡಗಿದೆ, ಗಾಡಿಯನ್ನು ಅಲ್ಲಿಂದ ಮುಂದೆ ಓಡಿಸಬಾರದು.

ಈ ಟೂ ಸ್ಟ್ರೋಕ್ ಎಂಜಿನ್ನನ್ನು ತಣಿಸುವುದು ಅದರ ಮೈಮೇಲಿನ ಫಿನ್‌ಗಳ (ತೆಳು ರೆಕ್ಕೆಗಳ) ಮೇಲೆ ಹಾಯುವ ಗಾಳಿ ಮಾತ್ರವಲ್ಲ, ಒಳಗೆ ಹೋಗುವ ಪೆಟ್ರೋಲ್ ಮತ್ತು ಅದರಲ್ಲಿ ಬೆರೆಸಿದ ಆಯಿಲ್ ಕೂಡ. ಹಾಗಾಗಿ ಮಿಶ್ರಣ ತೆಳುವಾಗುವ ಕಾರಣಗಳನ್ನು ಮೊದಲು ಹುಡುಕಬೇಕು. ಕಾರ್ಬೊರೇಟರ್ ಬೋರಿಗೆ ಸೇರುವ ಕಡೆ ಗ್ಯಾಸ್ಕೆಟ್ ಸೋರುತ್ತಿರಬಹುದು, ಪೆಟ್ರೋಲ್ ಹಾಯುವ ಸಣ್ಣ ತೂತಿನ ಮೇನ್ ಜೆಟ್ಟಿನಲ್ಲಿ ಕಸವಿರಬಹುದು, ಕ್ರ್ಯಾಂಕಿನ ಆಯಿಲ್ ಸೀಲ್ ಗಟ್ಟಿಯಾಗಿ ಗಾಳಿ ಎಳೆಯುತ್ತಿರಬಹುದು. ಎಥನಾಲ್‌ನಲ್ಲಿಯೇ ಆಮ್ಲಜನಕ ಇರುವುದರಿಂದ, ಶೇಕಡ 20ರಷ್ಟು ಅದು ಬೆರೆತ ಪೆಟ್ರೋಲಿಗೆ ಹಳೆಯ ಜೆಟ್ಟು ಸಾಲದೆ ಹೋಗುವುದೂ ಉಂಟು. ಪ್ಲಗ್ ಬಣ್ಣ ನೋಡಿ ಒಂದು ಅಳತೆ ದೊಡ್ಡ ಜೆಟ್ ಹಾಕಬೇಕಾಗಬಹುದು. ಇಗ್ನಿಷನ್ ಟೈಮಿಂಗ್ ಮುಂದೆ ಹೋಗಿ ಕಿಡಿ ಬೇಗ ಬರುತ್ತಿದ್ದರೂ ಎಂಜಿನ್ ಕಾಯುತ್ತದೆ. ಫಿನ್‌ಗಳ ನಡುವೆ ಮಳೆಗಾಲದ ಕೆಸರು ಒಣಗಿ ಕೂತಿದ್ದರೆ ಮರದ ಕಡ್ಡಿಯಿಂದ ತೆಗೆಯಿರಿ, ದಪ್ಪ ಬಣ್ಣ ಬಳಿಸಬೇಡಿ, ಲೆಗ್ ಗಾರ್ಡಿಗೆ ಚೀಲ ನೇತುಹಾಕಬೇಡಿ.

ಆಗುಂಬೆ, ಚಾರ್ಮಾಡಿಯಂತಹ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಚಕ್ರವೇ ಎಂಜಿನ್ನನ್ನು ವೇಗವಾಗಿ ತಿರುಗಿಸುತ್ತದೆ, ಪೆಟ್ರೋಲ್ ಹೋಗದ್ದರಿಂದ ಆಯಿಲ್ಲೂ ಹೋಗುವುದಿಲ್ಲ. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಸ್ವಲ್ಪ ತಿರುವುತ್ತಿರಬೇಕು.

ಬೇಸಿಗೆಯಲ್ಲಿ ಬ್ಯಾಟರಿಯನ್ನೂ ಹದಿನೈದು ದಿನಕ್ಕೊಮ್ಮೆ ನೋಡುವುದು ಒಳ್ಳೆಯದು. ನೀರು ಇಳಿದಿದ್ದರೆ ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕಬೇಕು, ಆಸಿಡ್ ಅಲ್ಲ. ಪೂರ್ತಿ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ 6 ವೋಲ್ಟ್ ಬ್ಯಾಟರಿ ಸುಮಾರು 6.3 ವೋಲ್ಟ್ ತೋರಿಸುತ್ತದೆ. ಪದೇ ಪದೇ ನೀರು ಬತ್ತುತ್ತಿದ್ದರೆ ಡೈನಮೊ ಹೆಚ್ಚು ಚಾರ್ಜ್ ಮಾಡುತ್ತಿದೆ, ರೆಗ್ಯುಲೇಟರನ್ನು ಪರೀಕ್ಷಿಸಬೇಕು. ಓಡುವಾಗಲೂ ಚಾರ್ಜಿಂಗಿನ ಕೆಂಪು ದೀಪ ಆರದಿದ್ದರೆ ಬ್ರಷ್‌ಗಳಿಂದ ಹುಡುಕಾಟ ಶುರು ಮಾಡಬೇಕು.